ಕೂವೆಕಂಬದ ಮೇಲಣ ಕೆಲಸವೂ ನಾವಿಕರ ರಕ್ಷಣೆಯೂ

ಐರೋಪ್ಯರ ಹಾಯಿಹಡಗುಗಳಲ್ಲಿ ಕೂವೆಕಂಬವನ್ನೇರಿ ಹಾಯಿಯನ್ನು ಬಿಚ್ಚುವುದು, ಮಡಿಸಿ ಕಟ್ಟುವುದು, ಸವೆದ ಹಗ್ಗಗಳನ್ನು ಬದಲಾಯಿಸುವುದು ನಾವಿಕರ ನಿತ್ಯಕರ್ಮವಾಗಿದ್ದಿತು. ಅಲ್ಲಿ ಅವರಿಗೆ ಕ್ರಮವಾಗಿ ದೊರೆತ ಆಧಾರಗಳು ಮೂರು: ಮೊದಲು ಕಾಲಿಗೆ, ಅನಂತರ ಕೈಗೆ, ಕಟ್ಟಕಡೆಗೆ ದೇಹಕ್ಕೆ. ಇವುಗಳಲ್ಲಿ ಮೊದಲಿನೆರಡು ಮುಖ್ಯವಾಗಿ ಕೆಲಸದ ಅನುಕೂಲಕ್ಕಾಗಿ ಬಂದವು. ಪ್ರಾಣರಕ್ಷಣೆಯನ್ನೇ ಉದ್ದೇಶಿಸಿದುದು ಮೂರನೆಯದು.

17ನೆಯ ಶತಮಾನದ ಉತ್ತರಾರ್ಧದಲ್ಲಿ ಮೇಲುಹಾಯಿಗಳನ್ನು ಭಾಗಶಃ ಮಡಿಸಿ ಕಟ್ಟುವ ಪದ್ಧತಿಯು ಬಳಕೆಗೆ ಬಂದಿತು. ಅದಕ್ಕಾಗಿ ಅನೇಕರು ಹಾಯಿಯ ಅಡ್ಡಮರದುದ್ದಕ್ಕೂ ಸಾಲಾಗಿ ನಿಲ್ಲಬೇಕಾದುದರಿಂದ, ಆ ಮರದ ಕೆಳಗೆ ಕಾಲುಹಗ್ಗವನ್ನು ತೂಗಬಿಟ್ಟರು. ನಾವಿಕನು ಅದರ ಮೇಲೆ ನಿಂತು, ಹೊಟ್ಟೆಯನ್ನು ಮರಕ್ಕೆ ಒತ್ತಿ ದುಡಿಯುತ್ತಿದ್ದನು. ಹೊಸಬನೊಬ್ಬನು ಕಾಲಿಟ್ಟರೆ ಉಳಿದವರ ಕಾಲಡಿಯ ಹಗ್ಗವೂ ಜಗ್ಗುತ್ತಿತ್ತು. 19ನೆಯ ಶತಮಾನದ ಆದಿಭಾಗದಲ್ಲಿ ಹಾಯಿಯ ಅಂಚನ್ನು ಬಿಗಿಯಲು ಅಡ್ಡಮರದ ಮೇಲೆ ಉದ್ದಕ್ಕೂ ಸರಳನ್ನು ಕೂಡಿಸಿದರು. ಅದೇ ಕೈಗೆ ಹಿಡಿಯೂ ಆಯಿತು.

ಇವೆರಡೂ ಸಾಲದೆಂಬುದಕ್ಕೆ ರಿಚರ್ಡ್ ಹೆನ್ರಿ ಡೇನಾ 1840ರಲ್ಲಿ ಪ್ರಕಟಿಸಿದ ಸಮುದ್ರಯಾನದ ವೃತ್ತಾಂತವೇ ಸಾಕ್ಷಿ. 1834ನೆಯ ನವೆಂಬರಿನಲ್ಲಿ, ಬಾಸ್ಟನ್ನಿನಿಂದ ಹೊರಟ 'ಪಿಲ್ಗ್ರಿಮ್' ಹಡಗು ಹಾರ್ನ್ ಭೂಶಿರವನ್ನು ದಾಟಿದ ಬಳಿಕ, ತರುಣ ನಾವಿಕನೊಬ್ಬನು ಕಂಬದ ತುದಿಗೆ ಹಗ್ಗದ ಪಟ್ಟಿಯೊಂದನ್ನು ಅಳವಡಿಸಲು ಏರಿದನು. ರಾಟೆ, ಹಗ್ಗದ ಸುರುಳಿ, ಕಬ್ಬಿಣದ ಮೊಳೆ ಇವೆಲ್ಲವೂ ಅವನ ಕೊರಳಿನಲ್ಲಿದ್ದವು. ಹಗ್ಗದ ಏಣಿಯು ಹೊರಮುಖವಾಗಿ ಬಾಗಿರುವೆಡೆಯಲ್ಲಿ ಜಾರಿ ಕಡಲಿಗೆ ಬಿದ್ದನು. ಅವನಿಗೆ ಈಜು ಬಾರದು. ಮೈಮೇಲೆ ದಪ್ಪನೆಯ ಉಡುಪು ಬೇರೆ. ದೋಣಿಯಿಳಿಸಿ ಸುಮಾರು ಒಂದು ಗಂಟೆ ಹುಡುಕಿದರೂ ಫಲವಾಗಲಿಲ್ಲ. ಅವನು ಬಿದ್ದ ಸ್ಥಳದಲ್ಲಿ ಕಾಲುಹಗ್ಗವೂ ಇರಲಿಲ್ಲ, ಹಿಡಿಸರಳೂ ಇರಲಿಲ್ಲ.

ಒಂದು ಕೈ ಹಡಗಿಗೆ, ಒಂದು ಕೈ ತನಗೆ ಎಂಬುದು ನಾವಿಕರಲ್ಲಿ ರೂಢಿಯಾದ ನಿಯಮ. ಆದರೆ ಹಗ್ಗವನ್ನು ಹೆಣೆಯುವುದಕ್ಕೂ ಗಂಟುಬಿಗಿಯುವುದಕ್ಕೂ ಎರಡು ಕೈಗಳು ಬೇಕು. ಆದಕಾರಣ ಆ ನಿಯಮವು ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ ಪಾಲಿಸಲಾಗದಂತಹುದು. ನಿಧಾನದ ದುರಸ್ತಿಗೆ ತೂಗುಹಲಗೆಯ ಪೀಠವಿದ್ದರೂ, ಅದನ್ನೆತ್ತಿದ ಹಗ್ಗವೊಂದು ಹರಿದರೆ ಪೀಠದೊಡನೆ ಮನುಷ್ಯನೂ ಬೀಳುವನು.

20ನೆಯ ಶತಮಾನದಲ್ಲಿ ತರಬೇತಿಯ ಹಾಯಿಹಡಗುಗಳಲ್ಲಿ ಬಳಕೆಗೆ ಬಂದ ಮೈಪಟ್ಟಿಯು ಈ ಕೊರತೆಯನ್ನು ನೀಗಿತು. ಎರಡು ಕೊಕ್ಕೆಗಳುಳ್ಳ ಪಟ್ಟಿಯಲ್ಲಿ ಒಂದನ್ನು ಬಿಚ್ಚುವ ಮೊದಲು ಇನ್ನೊಂದನ್ನು ಸಿಕ್ಕಿಸುವರು. ಸಣ್ಣ ಹಾಯಿದೋಣಿಗಳಲ್ಲಿ ಪೀಠವನ್ನೆತ್ತುವ ಹಗ್ಗವಲ್ಲದೆ ಬೇರೊಂದು ರಕ್ಷಣೆಯ ಹಗ್ಗವನ್ನೂ ಕಟ್ಟುವರು; ಉಪಕರಣಗಳನ್ನು ಕೊರಳಿಗೆ ಹಾಕಿಕೊಳ್ಳದೆ, ಚೀಲದಲ್ಲಿಟ್ಟು ದಾರದಿಂದ ಬಂಧಿಸುವರು. ಹಾಯಿಗೆ ಆಧಾರವೊದಗಿ ಎರಡು ಶತಮಾನಗಳಿಗೂ ಮಿಕ್ಕ ಕಾಲ ಕಳೆದ ಮೇಲೆ ನಾವಿಕನ ದೇಹಕ್ಕೆ ಆಧಾರವೊದಗಿತು.