ಡಯಾಲಿಸಿಸ್ ರೋಗಿಗಳಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಫಲ: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನೆಲೆಯಲ್ಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮೂತ್ರಪಿಂಡ ರೋಗಿಗಳಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಡಯಾಲಿಸಿಸ್ ಸಿಗುವುದು ದೊಡ್ಡ ನೆರವು. ವಾರಕ್ಕೆರಡು ಮೂರು ಸಲ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಅಲೆಯುವುದು ತಪ್ಪುತ್ತದೆ. ಆದರೆ ಅದೇ ಯಂತ್ರ, ಅದೇ ಕೋಣೆಯನ್ನು ಹಲವರು ಹಂಚಿಕೊಳ್ಳುವಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಭಯವೂ ಇರುತ್ತದೆ. ಒಣಗಿದ ರಕ್ತದ ಕಲೆಯಲ್ಲಿ ಅದು ಏಳು ದಿನವಾದರೂ ಜೀವಂತವಿರಬಲ್ಲದು. 1969–70ರಲ್ಲಿ ಎಡಿನ್‌ಬರೋದ ಡಯಾಲಿಸಿಸ್ ಘಟಕದಲ್ಲಿ ರೋಗಿಗಳಷ್ಟೇ ಅಲ್ಲ, ಸಿಬ್ಬಂದಿಯೂ ಈ ಸೋಂಕಿಗೆ ಬಲಿಯಾದರು.

ಭಾರತದಲ್ಲಿ ಈ ಸೋಂಕನ್ನು ತಡೆಯುವ ಲಸಿಕೆ ದೇಶದ ಎಲ್ಲ ಶಿಶುಗಳ ಕಾರ್ಯಕ್ರಮಕ್ಕೆ ಸೇರಿದ್ದು 2011ರಲ್ಲಿ. ಇಂದು ಡಯಾಲಿಸಿಸ್ ಮಾಡಿಸಿಕೊಳ್ಳುವ ನಡುವಯಸ್ಸಿನವರು ಅದರ ಹೊರಗೇ ಉಳಿದವರು. ಆರೋಗ್ಯವಂತ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ರಕ್ಷಣೆ ಕೊಡುವ ಲಸಿಕೆ, ಡಯಾಲಿಸಿಸ್ ರೋಗಿಗಳಲ್ಲಿ ಸಾಮಾನ್ಯವಾಗಿ 50ರಿಂದ 70 ಮಂದಿಗಷ್ಟೇ ಫಲಿಸುತ್ತದೆ. ರಕ್ತದಲ್ಲಿ ಉಳಿಯುವ ಕಲ್ಮಷ ಟಿ-ಜೀವಕೋಶಗಳನ್ನು ಮಂಕಾಗಿಸುತ್ತದೆ. ಸಕ್ಕರೆ ಕಾಯಿಲೆ, ಇಳಿವಯಸ್ಸು, ಪೌಷ್ಟಿಕತೆಯ ಕೊರತೆ ಅದಕ್ಕೆ ಕೂಡಿಕೊಳ್ಳುತ್ತವೆ. ಆದ್ದರಿಂದಲೇ ಇವರಿಗೆ ಇಮ್ಮಡಿ ಪ್ರಮಾಣ: 40 ಮೈಕ್ರೋಗ್ರಾಂ, ಸಾಮಾನ್ಯವಾಗಿ 0, 1, 2, 6ನೇ ತಿಂಗಳಲ್ಲಿ, ತೋಳಿನ ಸ್ನಾಯುವಿಗೆ. ಪೃಷ್ಠಕ್ಕೆ ಚುಚ್ಚಿದರೆ ಫಲ ಇನ್ನೂ ಕುಗ್ಗುತ್ತದೆ.

ಊರಿನ ಘಟಕಕ್ಕೂ ನಗರದ ಆಸ್ಪತ್ರೆಗೂ ನಡುವೆ ಓಡಾಡುವ ರೋಗಿಯ ಆರನೇ ತಿಂಗಳ ಚುಚ್ಚುಮದ್ದು ತಪ್ಪುವುದು ಸುಲಭ. ಅದಕ್ಕಿಂತಲೂ ಸುಲಭವಾಗಿ ತಪ್ಪುವುದು ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ಆಗಬೇಕಾದ ಪ್ರತಿಕಾಯ ಪರೀಕ್ಷೆ. ಮಟ್ಟ 10 ಮಿಲಿ ಯೂನಿಟ್‌ಗಿಂತ ಕಡಿಮೆಯಿದ್ದರೆ ಪೂರ್ಣ ಸರಣಿಯನ್ನು ಮತ್ತೊಮ್ಮೆ ಕೊಡಬೇಕು. ಫಲಿಸಿದವರಲ್ಲೂ ಪ್ರತಿವರ್ಷ ನೋಡಿ, ಇಳಿದಿದ್ದರೆ ಬೂಸ್ಟರ್ ಕೊಡಬೇಕು. ಪರೀಕ್ಷೆಯಿಲ್ಲದೆ ಕಾರ್ಡಿನಲ್ಲಿ ‘ಲಸಿಕೆ ಆಗಿದೆ’ ಎಂದು ಬರೆಯುವುದು ರೋಗಿಗೆ ಸುಳ್ಳು ಧೈರ್ಯ ಕೊಟ್ಟಂತೆ.

ಇನ್ನೊಂದು ಎಚ್ಚರ ಘಟಕದ ತಂತ್ರಜ್ಞರಿಗೆ ತಿಳಿದಿರಲೇಬೇಕು. ಲಸಿಕೆಯಲ್ಲಿರುವುದು ವೈರಸ್ಸಿನ ಹೊರಪದರದ ಪ್ರೋಟೀನು. ಚುಚ್ಚಿದ ಮೇಲೆ ಸುಮಾರು ಮೂರು ವಾರದವರೆಗೆ ಅದೇ ರಕ್ತದಲ್ಲಿ ಕಾಣಿಸಿಕೊಂಡು, ಸೋಂಕಿಲ್ಲದವರ ವರದಿಯೂ ‘ಪಾಸಿಟಿವ್’ ಬರಬಹುದು. ಆ ಚೀಟಿ ನಂಬಿ ರೋಗಿಯನ್ನು ಸೋಂಕಿತರ ಯಂತ್ರಕ್ಕೆ ಕಳಿಸಿದರೆ ಇಲ್ಲದ ರೋಗವನ್ನು ನಾವೇ ಅಂಟಿಸಿದಂತಾದೀತು. ಅಷ್ಟು ದಿನ ಕಾದು ಪರೀಕ್ಷಿಸುವುದೇ ಸರಿ.

ಮೂತ್ರಪಿಂಡದ ಶಕ್ತಿ ಪೂರ್ತಿ ಕುಂದುವ ಮೊದಲೇ ಕೊಟ್ಟ ಲಸಿಕೆ ಹೆಚ್ಚು ಫಲಿಸುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಔಷಧ ಒಯ್ಯಲು ಬರುವವರಲ್ಲಿ ಕ್ರಿಯಾಟಿನಿನ್ ಏರುತ್ತಿರುವವರನ್ನು ಈ ನಾಲ್ಕು ತಾಲ್ಲೂಕುಗಳ ವೈದ್ಯರು ಗುರುತಿಸಿ, ಡಯಾಲಿಸಿಸ್ ಕುರ್ಚಿಗೆ ಬರುವ ಮುನ್ನವೇ ಲಸಿಕೆ ಆರಂಭಿಸಬೇಕೆಂದು ಕೋರುತ್ತೇನೆ.