ಉಪ್ಪಿನ ಋಣ: ಕನಾವಾ ತೀರದ ಒಂದು ಊರಿನ ಕಥೆ

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಒಂದು ಊರಿಗೆ ಊರೇ ಉಪ್ಪಿನಿಂದ ಬೆಳೆದುದಾದರೆ, ಅದರ ಋಣ ಯಾರಿಗೆ ಸಲ್ಲಬೇಕು?

ಅಮೇರಿಕೆಯ ಇಂದಿನ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ, ಕನಾವಾ ನದಿಯ ದಂಡೆಯ ಮೇಲೆ ಮಾಲ್ಡನ್ ಎಂಬ ಪುಟ್ಟ ಊರಿದೆ. ಅಲ್ಲಿ ನೆಲದೊಳಗಿನಿಂದ ಉಪ್ಪುನೀರು ಜಿನುಗುತ್ತಿತ್ತು. ಕಾಡೆಮ್ಮೆ, ಜಿಂಕೆಗಳು ಬಂದು ಆ ನೆಲವನ್ನು ನೆಕ್ಕುತ್ತಿದ್ದವು. ಮೂಲನಿವಾಸಿಗಳು ಆ ನೀರನ್ನು ಕಾಯಿಸಿ ಉಪ್ಪು ಪಡೆಯುತ್ತಿದ್ದರು. ಕಡಲು ಬೆಟ್ಟಗಳಾಚೆ ದೂರದಲ್ಲಿದ್ದುದರಿಂದ, ಕುದುರೆಗಳ ಮೇಲೆ ಹೇರಿ ತಂದ ಉಪ್ಪು ವಲಸಿಗರಿಗೆ ಬಲು ತುಟ್ಟಿಯಾಗಿತ್ತು.

1797ರಲ್ಲಿ ಎಲಿಷಾ ಬ್ರೂಕ್ಸ್ ಎಂಬಾತ ಇಲ್ಲಿ ಮೊದಲ ಒಲೆಯನ್ನು ಹೂಡಿದನು. ದಿನಕ್ಕೆ ಸುಮಾರು 150 ಪೌಂಡು ಉಪ್ಪು ದೊರೆಯುತ್ತಿತ್ತು. ಬಳಿಕ ರಫ್ನರ್ ಸೋದರರು ಟೊಳ್ಳಾದ ದೊಡ್ಡ ಮರದ ಕಾಂಡವನ್ನು ನೆಲದಲ್ಲಿಳಿಸಿ, ಅದರೊಳಗಿನಿಂದ ಬಂಡೆಯನ್ನೇ ಕೊರೆಯಿಸಿದರು. ಬಾಗುವ ಗಳುವಿಗೆ ಕಟ್ಟಿದ ಕಬ್ಬಿಣದ ಉಳಿ ಮೇಲೆದ್ದು ಕೆಳಬಿದ್ದು ಕಲ್ಲನ್ನು ಸೀಳುತ್ತಿತ್ತು. 1808ರಲ್ಲಿ, 58 ಅಡಿ ಆಳದಲ್ಲಿ, ಗಟ್ಟಿಯಾದ ಉಪ್ಪುನೀರು ಸಿಕ್ಕಿತು. ಉಪ್ಪಿನ ಬೆಲೆ ಅರ್ಧಕ್ಕಿಳಿಯಿತು. ಒಲೆಗಳು ಸಾಲುಗಟ್ಟಿದವು, ಸೌದೆಗೆ ಬದಲಾಗಿ ಕಲ್ಲಿದ್ದಲು ಬಂದಿತು, ಪೀಪಾಯಿ ಮಾಡುವವರು, ದೋಣಿ ಕಟ್ಟುವವರು ನೆಲೆಸಿದರು. ಪೀಪಾಯಿಗಳು ಹೊಳೆಯ ಹರಿವಿನೊಡನೆ ಓಹಾಯೋ ನದಿಗಿಳಿದು, ಮಾಂಸವನ್ನು ಉಪ್ಪು ಹಾಕಿ ಕೆಡದಂತಿಡುವ ಉದ್ಯಮವಿದ್ದ ಸಿನ್ಸಿನಾಟಿಯನ್ನು ಸೇರುತ್ತಿದ್ದವು. 1846ರಲ್ಲಿ ಉತ್ಪತ್ತಿ 30 ಲಕ್ಷ ಬುಷೆಲ್‌ಗಳನ್ನು ಮೀರಿತು.

ಇಷ್ಟನ್ನೇ ಹೇಳಿ ಮುಗಿಸಿದರೆ ಅದು ಒಡೆಯರ ಇತಿಹಾಸವಾದೀತು. ಒಲೆಯ ಮುಂದೆ ಬೆಂದವರು ಬಹುಮಟ್ಟಿಗೆ ಗುಲಾಮರು. ದೂರದ ಒಡೆಯರು ಅವರನ್ನು ವರ್ಷದ ಬಾಡಿಗೆಗೆ ಇಲ್ಲಿಗೆ ಕೊಡುತ್ತಿದ್ದರು. ದುಡಿಮೆ ಒಬ್ಬನದು, ಬಾಡಿಗೆ ಇನ್ನೊಬ್ಬನದು! ಕುದಿಯುವ ನೀರು, ಗಣಿಯ ಕುಸಿತ, ಹೊಳೆಯ ಸೆಳವುಗಳಿಗೆ ಬಲಿಯಾದವರ ಹೆಸರನ್ನು ಯಾವ ಪೀಪಾಯಿಯೂ ಹೊತ್ತು ಸಾಗಲಿಲ್ಲ.

1861ರ ಮಹಾಪೂರವು ಕುಂದುತ್ತಿದ್ದ ಉದ್ಯಮಕ್ಕೆ ದೊಡ್ಡ ಪೆಟ್ಟನ್ನಿತ್ತಿತು. 1865ರಲ್ಲಿ ಗುಲಾಮಗಿರಿ ಕೊನೆಗಂಡಾಗ ಒಂಬತ್ತು ವರ್ಷದ ಬಾಲಕನೊಬ್ಬ ತಾಯಿಯೊಡನೆ ಈ ಊರಿಗೆ ಬಂದನು. ಮಲತಂದೆಯೊಡನೆ ಅವನೂ ನಸುಕಿನಲ್ಲೆದ್ದು ಒಲೆಗೆ ಹೋಗಬೇಕಾಯಿತು. ಮಲತಂದೆಯ ಪಾಲಿನ ಪೀಪಾಯಿಗಳ ಮೇಲೆ ದಿನವೂ ಬರೆಯುತ್ತಿದ್ದ ಗುರುತು ‘18’. ಆ ಬಾಲಕನು ಓದಲು ಕಲಿತ ಮೊಟ್ಟಮೊದಲ ಬರಹ ಅದೇ! ಮುಂದೆ ಶಾಲೆ ದೊರೆತಾಗಲೂ ಬೆಳಗಿನ ಒಂಬತ್ತರವರೆಗೆ ದುಡಿದು, ಬಳಿಕ ಪಾಠಕ್ಕೆ ಹೋಗುತ್ತಿದ್ದನು. ಓದು ಮುಗಿಸಿ 1875ರಲ್ಲಿ ಇದೇ ಊರಿಗೆ ಮರಳಿ ಮಕ್ಕಳಿಗೆ ಅಕ್ಷರ ಕಲಿಸಿದನು. 1881ರಲ್ಲಿ ಟಸ್ಕೆಗೀ ವಿದ್ಯಾಸಂಸ್ಥೆಯ ಹೊಣೆ ಹೊತ್ತನು. ಆತನೇ ಬುಕರ್ ಟಿ. ವಾಷಿಂಗ್ಟನ್.

ಆ ಊರಿನಲ್ಲಿ ಹಳೆಯ ಉಪ್ಪಿನ ಮನೆತನವೊಂದರ ವಂಶಜರು 2013ರಲ್ಲಿ ಮತ್ತೆ ಉಪ್ಪು ತೆಗೆಯತೊಡಗಿದರು. ನೆಲದಾಳದ ನೀರು ಇನ್ನೂ ಬತ್ತಿಲ್ಲ. ಓದುಗರೇ, ಊರು ಕಟ್ಟಿದವರಾರೆಂದು ಕೇಳುವಾಗ ನಾವು ಬಾವಿ ತೋಡಿಸಿದವರ ಹೆಸರಿಗೇ ನಿಲ್ಲದೆ, ಒಲೆಯ ಮುಂದೆ ನಿಂತವರನ್ನೂ ನೆನೆಯೋಣ. ಉಪ್ಪಿನ ಋಣ ಸಲ್ಲಬೇಕಾದುದು ಮೊದಲು ಅವರಿಗೆ.