ಪಡಸಾಲೆಯ ಫರಸಿ, ತವರಿನ ಕೆರೆ

ಇಂಡಿಯ ನಮ್ಮ ಮನೆಯ ಪಡಸಾಲೆಗೆ ಹಾಸಿದ್ದು ತಾಳಿಕೋಟೆಯ ಫರಸಿ. ಬೇಸಿಗೆಯ ಮಧ್ಯಾಹ್ನ ಕೆಲಸವೆಲ್ಲ ಮುಗಿಸಿ ಅದರ ಮೇಲೆ ಬರಿದೇ ಮೈ ಚೆಲ್ಲಿದರೆ ಸಾಕು, ಬೆನ್ನಿಗೆ ಬಾವಿಯ ತಂಪು ಏರಿದಂತಾಗುತ್ತದೆ. 1974ರಲ್ಲಿ ನಾನು ಲಗ್ನವಾಗಿ ಈ ಮನೆಗೆ ಬಂದಾಗ ಅತ್ತೆಯವರು, "ಈ ಕಲ್ಲೂ ನಿನ್ನ ತವರಿನ ಕಡೆಯವು. ನಿನಗಿಂತ ಮೊದಲ ನಡೀಲಿಕ್ಕೆ ಬಂದಾವ ನೋಡು" ಎಂದು ನಕ್ಕಿದ್ದರು. ತಾಳಿಕೋಟೆ ಎಂದರೆ ಎಲ್ಲರಿಗೂ 1565ರ ಯುದ್ಧ ನೆನಪಾಗುತ್ತದೆ. ಆ ಯುದ್ಧ ನಡೆದದ್ದು ಅಲ್ಲಿ ಅಲ್ಲವೇ ಅಲ್ಲ, ಕೃಷ್ಣೆಯ ಆಚೆ ಎಂದು ಇತಿಹಾಸದವರು ಹೇಳುತ್ತಾರೆ. ಆದರೆ ಮನೆ ಕಟ್ಟಿಸುವ ನಮ್ಮ ಸೀಮೆಯ ಹೆಂಗಸರಿಗೆ ತಾಳಿಕೋಟೆ ಎಂದರೆ ಫರಸಿಯೇ. ಶಹಾಬಾದಿಯ ಕಲ್ಲಿನ ಬಳಗಕ್ಕೆ ಸೇರಿದ, ಒಂದು ಕಾಲಕ್ಕೆ ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತ ಸುಣ್ಣಗಲ್ಲು ಅದು. ಉಳಿ ಹಿಡಿದು ಬಡಿದರೆ ರೊಟ್ಟಿಯ ಹಾಗೆ ಪದರು ಬಿಡುತ್ತದೆ.

ಒಂದು ಫರಸಿ ಮನೆಗೆ ಬಂತೆಂದರೆ ಅಷ್ಟೇ ಅಗಲದ ತಗ್ಗು ಎಲ್ಲಿಯೋ ಬಿತ್ತೆಂದು ಅರ್ಥ. ಈ ಲೆಕ್ಕ ನನಗೆ ಹೊಳೆದದ್ದು ಬಹಳ ತಡವಾಗಿ. ಅದೂ ನಾನಾಗಿ ಕಂಡುಕೊಂಡದ್ದಲ್ಲ, ಅಕ್ಷರ ಬಾರದ ನನ್ನ ಚಿಗವ್ವ ಹೇಳಿಕೊಟ್ಟದ್ದು.

ನನ್ನ ತವರು ಅಂದಿನ ಮುದ್ದೇಬಿಹಾಳ ತಾಲೂಕಿನ ಒಂದು ಸಣ್ಣ ಊರು. ಊರಿನ ಪಶ್ಚಿಮಕ್ಕೆ ಮಡ್ಡಿ, ಮಡ್ಡಿಯ ಬುಡದಲ್ಲಿ ಕೆರೆ. ದೊಡ್ಡದೇನಲ್ಲ. ಮುಹಮ್ಮದ್ ಆದಿಲ್‌ಶಾಹನ ಕಾಲದ ಮಮದಾಪುರದ ಕೆರೆಗಳಿಗೋ ವಿಜಾಪುರದ ಬೇಗಂ ತಾಲಾಬಿಗೋ ಹೋಲಿಸಿದರೆ ಅದು ಎಮ್ಮೆ ಮೀಯುವ ಹೊಂಡವೇ ಸರಿ. ಆದರೂ ಅದಕ್ಕೊಂದು ಒಡ್ಡು, ಒಂದು ತೂಬು, ಒಂದು ಕೋಡಿ ಇದ್ದವು. ಒಂದು ಮಗ್ಗುಲಿಗೆ ಅರಿಬಿ ಒಗೆಯುವ ಕಲ್ಲು, ಇನ್ನೊಂದು ಮಗ್ಗುಲಿಗೆ ದನ ಇಳಿಯುವ ಇಳಿಜಾರು. ಮೇಲಿನ ಮಡ್ಡಿ ಊರ ಗಾಯರಾಣ. ಅಲ್ಲಿ ಬಿದ್ದ ಮಳೆಯೇ ಹರಿದು ಬಂದು ಕೆರೆಯಾಗುತ್ತಿತ್ತು. ಕಾರಿ, ಬನ್ನಿ, ಜಾಲಿ, ಅಲ್ಲೊಂದು ಇಲ್ಲೊಂದು ಬೇವು. ಇಷ್ಟೇ ನಮ್ಮ ಅಡವಿ. ಮಲೆನಾಡಿನವರು ನೋಡಿದರೆ ನಕ್ಕಾರು. ಆದರೆ ಅವ್ವ, ಚಿಗವ್ವ ಒಲೆಗೆ ಪುಳ್ಳೆ ಆರಿಸಿದ್ದು, ಸೆಗಣಿ ಹೆಕ್ಕಿ ಕುಳ್ಳು ತಟ್ಟಿದ್ದು, ಬರಗಾಲದಲ್ಲಿ ಆಡು ಮೇಯಿಸಿದ್ದು ಎಲ್ಲ ಆ ಅಡವಿಯಲ್ಲೇ.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕೂ ಕಡೆ ನನಗೆ ನಂಟಿದೆ. ಒಂದು ಕಡೆ ಹುಟ್ಟಿದೆ, ಒಂದು ಕಡೆ ಬಾಳಿದೆ, ಸಿಂದಗಿಯಲ್ಲಿ ಹನ್ನೊಂದು ವರ್ಷ ಶಾಲೆ ಕಲಿಸಿದೆ, ಬಾಗೇವಾಡಿಗೆ ಮಗಳನ್ನು ಕೊಟ್ಟೆ. ಎಲ್ಲಿ ಹೋದರೂ ಎರೆಹೊಲ ಕಣ್ಣು ಮುಟ್ಟುವವರೆಗೆ ಹಾಸಿರುತ್ತದೆ, ಗಿಡ ಮಾತ್ರ ಎಣಿಸಿ ಹೇಳಬಹುದು. ಬ್ರಿಟಿಷರು 1878ರ ಕಾಯ್ದೆ ಮಾಡಿ ಅಡವಿಗೆ ಗಡಿಕಲ್ಲು ನೆಟ್ಟ ಕಾಲಕ್ಕೂ ಜಿಲ್ಲೆಯ ಕಾಡೆಂದರೆ ಹೆಚ್ಚಾಗಿ ದಕ್ಷಿಣದ ಬಾದಾಮಿ, ಬಾಗಲಕೋಟೆ, ಹುನಗುಂದದ ಗುಡ್ಡಗಳೇ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಆ ಗುಡ್ಡಗಳೂ ಅತ್ತ ಹೋದವು. ಉಳಿದ ನಮ್ಮ ಪಾಲಿನ ಅಡವಿ ನೂರಕ್ಕೆ ಕಾಲು ಭಾಗವೂ ಇಲ್ಲ, 0.17 ಎಂದು ಬಹುಕಾಲ ಹೇಳುತ್ತ ಬಂದರು. ಸರಕಾರದ ಪುಸ್ತಕದಲ್ಲಿ ಅಡವಿ ಎಂದು ಬರೆಯದ ಗಾಯರಾಣದ ಬನ್ನಿ, ಒಡ್ಡಿನ ಜಾಲಿ ಈ ಲೆಕ್ಕದಲ್ಲಿ ಇಲ್ಲ. ಲೆಕ್ಕದಲ್ಲಿ ಇಲ್ಲದ್ದು ಹೋದರೆ ಹೋಯಿತೆಂದು ಬರೆದುಕೊಳ್ಳುವವರೂ ಇರುವುದಿಲ್ಲ.

ಜಿಲ್ಲೆ ಒಡೆದ ಅದೇ 1997ರ ಬೇಸಿಗೆ. ಮಕ್ಕಳ ಪರೀಕ್ಷೆ ಮುಗಿಸಿಕೊಂಡು ತವರಿಗೆ ಹೋಗಿದ್ದೆ. ಊರ ಚಾವಡಿಯಲ್ಲಿ ಸಭೆ. ಮಡ್ಡಿಯ ಆಚೆ ಮಗ್ಗುಲಿಗೆ ಆಗಲೇ ಎರಡು ಖಣಿ ನಡೆದಿದ್ದವು. ಫರಸಿಯ ಪದರು ಕೆರೆಯ ಕಡೆಗೇ ಸಾಗಿದೆಯೆಂದು ಗುತ್ತಿಗೆದಾರನಿಗೆ ಗೊತ್ತಾಗಿತ್ತು. ಅವನು ಒಂದು ಕಾಗದ ಬರೆಸಿ ತಂದಿದ್ದ. ಗಾಯರಾಣವನ್ನೂ ಕೆರೆಯ ಅಂಗಳವನ್ನೂ ಕಲ್ಲು ತೆಗೆಯಲು ಬಿಟ್ಟುಕೊಟ್ಟರೆ, ಕಲ್ಲು ತೆಗೆದು ಮುಗಿದ ಹಳೆಯ ಖಣಿಯನ್ನು ಊರಿಗೆ ಹೊಸ ಕೆರೆಯಾಗಿ ಮಾಡಿಕೊಡುವುದು, ಸುತ್ತಲೂ ಇನ್ನೂರು ಸಸಿ ಹಚ್ಚಿಸುವುದು, ಗುಡಿಯ ಮುಂದೆ ಫರಸಿ ಹಾಸಿಕೊಡುವುದು. ನನ್ನ ಅಣ್ಣ ಅದೇ ವರ್ಷ ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡಿದ್ದ. ಖಣಿಯ ಕಲ್ಲು ಹೇರುವುದೇ ಅದರ ಅನ್ನ. ಊರಿನಲ್ಲಿ ಇನ್ನೂ ಮೂವತ್ತು ನಲವತ್ತು ಮನೆಗಳಿಗೆ ಅದೇ ಅನ್ನ. ಅದನ್ನು ಹಗುರಾಗಿ ಆಡುವಂತಿಲ್ಲ. ಖಣಿ ಇಲ್ಲದಿದ್ದರೆ ಅವರೆಲ್ಲ ಗೋವೆಗೋ ಮಹಾರಾಷ್ಟ್ರದ ಕಬ್ಬಿನ ಹೊಲಕ್ಕೋ ಗಂಟು ಕಟ್ಟಬೇಕು.

"ಅಕ್ಕೋರು ಬಂದಾರ, ಅವರ ಓದಲಿ" ಎಂದು ಕಾಗದ ನನ್ನ ಕೈಗೆ ಕೊಟ್ಟರು. ಗಟ್ಟಿಯಾಗಿ ಓದಿದೆ. ಓದಿ, ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸಿದೆ. "ನಮ್ಮ ಕೆರಿ ಚೈತ್ರಕ್ಕ ಬತ್ತತದ. ಖಣಿ ಮೂವತ್ತು ಫೂಟು ಆಳ ಅದ, ವರ್ಷಪೂರ್ತಿ ನೀರು ನಿಂತಿರತದ. ಇದರಾಗ ಊರಿಗೆ ಲುಕ್ಸಾನ ಏನೂ ಕಾಣಸೂದಿಲ್ಲ." ಅಣ್ಣ ಹೆಮ್ಮೆಯಿಂದ ನನ್ನ ಕಡೆ ನೋಡಿದ.

ಚಾವಡಿಯ ಕಂಬದ ಹಿಂದೆ ಹೆಂಗಸರು ನಿಂತಿದ್ದರು. ಅಲ್ಲಿಂದ ಚಿಗವ್ವನ ದನಿ ಬಂತು. "ಯವ್ವಾ, ಆ ಖಣಿಯೊಳಗ ಎಮ್ಮಿ ಹ್ಯಾಂಗ ಇಳೀಬೇಕು?"

ಯಾರೋ ನಕ್ಕರು. ಚಿಗವ್ವ ನಗಲಿಲ್ಲ. "ಕೊಡಾ ತುಂಬಾಕ ಹಗ್ಗ ಎಷ್ಟ ಮಾರು ಬೇಕು? ಕೂಸು ಕಾಲು ಜಾರಿದರ ಹಿಡೀಲಿಕ್ಕೆ ಅಲ್ಲಿ ದಂಡಿ ಎಲ್ಲದ? ಮಡ್ಡಿ ಅಗದು ಒಯ್ದ ಮ್ಯಾಲ ಆ ತಗ್ಗಿಗೆ ನೀರು ಹರದು ಬರೂದು ಎಲ್ಲಿಂದ? ನೀ ಓದಿದ ಕಾಗದದಾಗ ಅದೂ ಬರದಾರೇನು?"

ಬರೆದಿರಲಿಲ್ಲ. ಖಣಿ ಎಂದರೆ ನಾಲ್ಕೂ ಕಡೆ ಗೋಡೆಯಂತೆ ನಿಂತ ಬಂಡೆ. ಒಡ್ಡಿಲ್ಲ, ತೂಬಿಲ್ಲ, ಕೋಡಿಯಿಲ್ಲ. ಕೆರೆಯ ನೀರು ಕೆಳಗಿನ ಬಾವಿಗಳಿಗೆ ಇಳಿಯುತ್ತದೆ. ಅದರ ಹೂಳು ಹೊಲಕ್ಕೆ ಗೊಬ್ಬರವಾಗುತ್ತದೆ. ನೀರು ಹಿಂದೆ ಸರಿದ ಅಂಗಳದಲ್ಲಿ ಯಾರಾದರೂ ಸೌತೆ, ಕಲ್ಲಂಗಡಿ ಹಾಕಿಕೊಳ್ಳುತ್ತಾರೆ. ಖಣಿಯ ನೀರು ಬಿದ್ದಲ್ಲೇ ಬಿದ್ದಿರುತ್ತದೆ. ಇದೆಲ್ಲ ನನಗೆ ತಿಳಿಯದ್ದೇನಲ್ಲ. ಆದರೂ ಕಾಗದ ಕೈಗೆ ಬಂದೊಡನೆ ನಾನು ಆಳ ಅಳೆದೆ, ಚಿಗವ್ವ ಇಳಿಜಾರು ಅಳೆದಳು.

ಸಭೆ ಅಂದು ಮುರಿಯಿತು. ಹೆಂಗಸರ್ಯಾರೂ ಹೆಬ್ಬೆಟ್ಟು ಒತ್ತಲಿಲ್ಲ.

ನನಗೆ ನಾಚಿಕೆಯಾದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸಿಂದಗಿಯ ಶಾಲೆಯಲ್ಲಿ ಹುಡುಗಿಯರಿಗೆ ನಾನು ಚಿಪ್ಕೊ ಕಲಿಸಿದವಳು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯವರು ಮರ ಅಪ್ಪಿಕೊಂಡು ನಿಂತ 'ಅಪ್ಪಿಕೊ' ಕಥೆ ಹೇಳಿದವಳು. ಅದಕ್ಕಿಂತ ಹತ್ತಿರದ್ದು ಹಾನಗಲ್ ತಾಲೂಕಿನ ಕುಸನೂರಿನ ಕಥೆ. ಅದನ್ನಂತೂ ಪತ್ರಿಕೆಯಿಂದ ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸಿದ್ದೆ.

ಕುಸನೂರಿನದು ಮರ ಅಪ್ಪಿಕೊಂಡ ಕಥೆಯಲ್ಲ, ಸಸಿ ಕಿತ್ತ ಕಥೆ. 1984ರಲ್ಲಿ ಸರಕಾರ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಮಾಡಿತು. ಸರಕಾರದ ಅರಣ್ಯ ಅಭಿವೃದ್ಧಿ ನಿಗಮದ್ದು ನೂರಕ್ಕೆ 51 ಪಾಲು, ಹರಿಹರ ಪಾಲಿಫೈಬರ್ಸ್‌ದು 49. ಆ ಕಾರಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಭೂಮಿ ಗೊತ್ತು ಮಾಡಿದರು. ಕಡತದಲ್ಲಿ ಅದು 'ಹಾಳು ಭೂಮಿ'. ಊರಿನವರ ಪಾಲಿಗೆ ದನದ ಮೇವು, ಒಲೆಯ ಕಟ್ಟಿಗೆ, ಔಷಧದ ಬೇರು, ಕುರಿಯ ದಾರಿ. ನೀಲಗಿರಿಯ ಎಲೆಯನ್ನು ಆಡೂ ತಿನ್ನುವುದಿಲ್ಲ. 1987ರ ನವೆಂಬರ್ 14ರಂದು ಸುತ್ತಲಿನ ಊರುಗಳ ಜನ ಕುಸನೂರಿನಲ್ಲಿ ಸೇರಿ ಕೆಲವು ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡ ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮುಂದಿದ್ದರು, ಸುಪ್ರೀಂ ಕೋರ್ಟಿನ ದಾವೆಗೆ ಶಿವರಾಮ ಕಾರಂತರು ಹೆಸರು ಕೊಟ್ಟಿದ್ದರು. 'ಕಿತ್ತಿಕೊ-ಹಚ್ಚಿಕೊ' ಎಂದು ಅದರ ಹೆಸರು. ಬರೀ ಕೀಳುವುದಾದರೆ ದಂಗೆ ಎನ್ನಬಹುದಿತ್ತು, ಬರೀ ಹಚ್ಚುವುದಾದರೆ ಸಮಾರಂಭ. ಎರಡನ್ನೂ ಕೂಡಿಸಿದ್ದರಿಂದ ಈ ಭೂಮಿ ಯಾರದು ಎಂಬ ಪ್ರಶ್ನೆ ಎದ್ದು ನಿಂತಿತು. 1991ರಲ್ಲಿ ಸರಕಾರ ಕಂಪನಿಯನ್ನು ಮುಚ್ಚಲು ಒಪ್ಪಿತು.

ಆಮೇಲೆ 1993ರ ಏಪ್ರಿಲಿನಲ್ಲಿ ಕರ್ನಾಟಕದಲ್ಲಿ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಟಿತು. ಊರಿಗೊಂದು ಗ್ರಾಮ ಅರಣ್ಯ ಸಮಿತಿ, ಅದರಲ್ಲಿ ಹೆಂಗಸರಿಗೂ ಜಾಗ, ಕಾಯ್ದವರಿಗೆ ಉತ್ಪನ್ನದಲ್ಲಿ ಪಾಲು. ಕೇಳಲಿಕ್ಕೆ ಚಂದ. ಆದರೆ ಮೊದಲ ಆದೇಶದಲ್ಲಿ ಒಂದು ಕೊಂಡಿ ಇತ್ತು. ಮರದ ನೆರಳು ನೆಲದ ಕಾಲು ಭಾಗಕ್ಕಿಂತ ಕಡಿಮೆ ಇರುವ ಸವೆದ ಅರಣ್ಯಕ್ಕೆ ಮಾತ್ರ ಈ ಜಂಟಿ. ದಟ್ಟ ಕಾಡು ಇಲಾಖೆಗೆ, ಬೋಳು ಕಾಡು ಊರಿಗೆ. ಹಾಲು ಒಬ್ಬರಿಗೆ, ಕೊಟ್ಟಿಗೆ ಬಳಿಯುವುದು ಇನ್ನೊಬ್ಬರಿಗೆ ಎನ್ನುವ ಪಾಲುದಾರಿಕೆ ನಮ್ಮ ಹೆಂಗಸರಿಗೆ ಹೊಸದಲ್ಲ! ಇನ್ನು ಕಲ್ಲಿನ ಖಣಿಗಳದು ಬೇರೆಯೇ ಕಥೆ. ಫರಸಿಯಂಥದಕ್ಕೆ ಉಪಖನಿಜ ಎಂದು ಹೆಸರು. 2012ರಲ್ಲಿ ಸುಪ್ರೀಂ ಕೋರ್ಟು ದೀಪಕ್ ಕುಮಾರ್ ಎಂಬುವರ ದಾವೆಯಲ್ಲಿ ಹೇಳುವವರೆಗೆ ಐದು ಹೆಕ್ಟೇರಿಗಿಂತ ಸಣ್ಣ ಖಣಿಗೆ ಪರಿಸರದ ಒಪ್ಪಿಗೆ ಬೇಕೆಂದೇ ಇರಲಿಲ್ಲ. ಸಂಡೂರಿನ ಕೆಂಪು ಅದಿರಿನ ಲೂಟಿ ದೇಶವೆಲ್ಲ ಸುದ್ದಿಯಾಗಿ, 2011ರಲ್ಲಿ ಬಳ್ಳಾರಿಯ ಗಣಿಗಳನ್ನೇ ಕೋರ್ಟು ನಿಲ್ಲಿಸಿತು. ಹಿರೇಮಠರ ಸಂಸ್ಥೆ ಅಲ್ಲಿಯೂ ಇತ್ತು. ಫರಸಿಯ ಧೂಳು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ, ಅದು ಬಿಳಿ.

ಗುತ್ತಿಗೆದಾರ ಸುಮ್ಮನೆ ಕೂರಲಿಲ್ಲ. ಕೆರೆಯ ಅಂಗಳ ಅವನಿಗೆ ಸಿಗಲಿಲ್ಲ, ಆದರೆ ಗಾಯರಾಣದ ಅರ್ಧ ಮುಂದಿನ ಎರಡು ವರ್ಷಗಳಲ್ಲಿ ಹೇಗೋ ಖಣಿಯಾಯಿತು. ಮಳೆಗಾಲದಲ್ಲಿ ಕಲ್ಲಿನ ಹುಡಿ ಇಳಿದು ಬಂದು ನೀರು ಮಜ್ಜಿಗೆಯಂತಾಗುತ್ತಿತ್ತು. ಅಣ್ಣ ನನ್ನ ಮೇಲೆ ಸಿಟ್ಟಾಗಲಿಲ್ಲ, ನಾನು ಅವನ ಪರವೇ ಮಾತಾಡಿದ್ದೆನಲ್ಲ. ಚಿಗವ್ವನ ಮನೆಯ ಹೊಸ್ತಿಲು ಮಾತ್ರ ನಾಲ್ಕು ವರ್ಷ ತುಳಿಯಲಿಲ್ಲ. ಟ್ರ್ಯಾಕ್ಟರಿನ ಸಾಲ ತೀರದೆ ಅದನ್ನು ಮಾರಿದಾಗ, "ಇವರು ಕೆರಿ ಕೊಟ್ಟಿದ್ದರ ಗಾಡಿ ಉಳೀತಿತ್ತು" ಎಂದು ನನ್ನೆದುರಿಗೇ ಅಂದ. ಸುಳ್ಳೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವನ ಲೆಕ್ಕ ಅವನ ಮಟ್ಟಿಗೆ ನಿಜವೇ ಇತ್ತು.

ಆ ನಾಲ್ಕು ವರ್ಷ ವೈನಿ, ಅಂದರೆ ಅಣ್ಣನ ಹೆಂಡತಿ, ದಿನಾ ಕೊಡ ಹಿಡಿದು ಕೆರೆಗೆ ಹೋಗುತ್ತಿದ್ದಳು. ಅಲ್ಲಿ ಚಿಗವ್ವ ಸಿಗುತ್ತಿದ್ದಳು. ಗಂಡಸರು ಬಿಟ್ಟ ಮಾತನ್ನು ಅವರಿಬ್ಬರು ಒಗೆಯುವ ಕಲ್ಲಿನ ಮೇಲೆ ಮುಂದುವರಿಸುತ್ತಿದ್ದರು. ಒಡ್ಡಿನ ಮೇಲೆ ಊರ ಹೆಂಗಸರೇ ಬೇವು, ಹುಣಸೆ ನೆಟ್ಟರು. ಯಾವ ಸಮಿತಿಯ ದಾಖಲೆಯಲ್ಲೂ ಅವು ಇರಲಿಕ್ಕಿಲ್ಲ. 2016ರಲ್ಲಿ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾಗಿ ಎಲ್ಲೆಲ್ಲೂ ಸಸಿ ಹಂಚಿದಾಗ, ಊರಿನವರು ಗಾಯರಾಣದ ಉಳಿದರ್ಧಕ್ಕೂ ಹಚ್ಚಿದರು. ಬದುಕಿದ್ದು ಬೇವು ಮತ್ತು ಹೊಂಗೆ. ನೀರು ಹೊತ್ತವರು ಅದೇ ಹೆಂಗಸರು.

2019ರ ನವೆಂಬರ್ 25ರ ಒಂದು ತೀರ್ಪಿನ ಸುದ್ದಿ ಓದಿದ ದಿನ ನಾನು ಬಹಳ ಹೊತ್ತು ಇದೇ ಪಡಸಾಲೆಯಲ್ಲಿ ಕೂತಿದ್ದೆ. ಉತ್ತರ ಪ್ರದೇಶದ ಗ್ರೇಟರ್ ನೋಯ್ಡಾ ಹತ್ತಿರದ ಸೈನಿ ಎಂಬ ಹಳ್ಳಿ. ಅಲ್ಲಿಯ ಹೊಂಡಗಳ ಜಾಗವನ್ನು ಕೈಗಾರಿಕೆಯವರಿಗೆ ಕೊಟ್ಟು, ಬದಲಿಗೆ ಬೇರೆ ಕಡೆ ಹೊಂಡ ತೋಡಿಕೊಡುತ್ತೇವೆಂದು ಅಧಿಕಾರಿಗಳು ಹೇಳಿದ್ದರು. ಅದೇ ಊರಿನ ಜಿತೇಂದ್ರ ಸಿಂಗ್ ಎಂಬುವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಬೇರೆ ಕಡೆ ನೀರು ನಿಲ್ಲಿಸಿದರೆ ಇಲ್ಲಿಯ ನಷ್ಟ ತುಂಬುತ್ತದೆಂದು ಭರವಸೆಯಿಲ್ಲ, ಜನ, ದನ ದೂರ ನಡೆಯಬೇಕಾಗುತ್ತದೆ, ಊರಿನ ಹೊಂಡವನ್ನು ಹಾಗೆ ಬದಲಿಸಿಕೊಳ್ಳಲು ಬಾರದು ಎಂದಿತು ಕೋರ್ಟು. ಹೊಂಡಗಳನ್ನು ಮೊದಲಿನಂತೆ ಮಾಡಿಕೊಡಲು ಅಪ್ಪಣೆಯಾಯಿತು. ಇಪ್ಪತ್ತೆರಡು ವರ್ಷಗಳ ಹಿಂದೆ ಚಾವಡಿಯ ಕಂಬದ ಹಿಂದೆ ನಿಂತು ಕೇಳಿದ ಪ್ರಶ್ನೆಗೆ ದಿಲ್ಲಿಯಿಂದ ಉತ್ತರ ಬಂದಂತಿತ್ತು. ಚಿಗವ್ವನಿಗೆ ಓದಿ ಹೇಳೋಣವೆಂದರೆ ಅವಳು ಹೋಗಿ ಆರು ವರ್ಷವಾಗಿತ್ತು.

ಹೋದ ವರ್ಷ ಅಣ್ಣನ ಮಗ ಮನೆಗೆ ಟೈಲ್ಸ್ ಹಾಕಿಸಿದ. ಅಪ್ಪನ ಕಾಲದ ಫರಸಿಯನ್ನೆಲ್ಲ ಕಿತ್ತು ಅಂಗಳದಲ್ಲಿ ಒಟ್ಟಿದ್ದರು. ಕೊಳ್ಳಲು ಒಬ್ಬ ಬಂದಿದ್ದ. ವೈನಿ ಅವನನ್ನು ಬಾಗಿಲಿಂದಲೇ ಕಳಿಸಿದಳಂತೆ. ಮುಂದಿನ ವಾರ ನಾನು ಹೋದಾಗ ಕೆರೆಯ ಇಳಿಜಾರಿಗೆ ಹೊಸದಾಗಿ ಎಂಟು ಕಲ್ಲು ಹಾಸಿದ್ದರು. ಎಪ್ಪತ್ತೆಂಟು ವರ್ಷದ ಅಣ್ಣ ಪಂಜೆ ಎತ್ತಿ ಕಟ್ಟಿ, ಕಲ್ಲು ಅಲುಗಾಡದಂತೆ ಬುಡಕ್ಕೆ ಗಟ್ಟಿ ಹಾಕುತ್ತಿದ್ದ. ನನ್ನನ್ನು ಕಂಡು, "ಎಮ್ಮಿಗೆ ಜಾರಬಾರದು ನೋಡು, ಸ್ವಲ್ಪ ಒರಟ ಮಗ್ಗಲಾ ಮ್ಯಾಲ ಮಾಡೀನಿ" ಎಂದ.